ಫ್ಯಾನ್ ನಿಂತರೂ ಹಾರಬೇಕು: ಜೆಟ್ ಗ್ಲೈಡರ್ ಕಿಟ್ ಬಗ್ಗೆ ಓದುಗರ ಪ್ರಶ್ನೋತ್ತರ

ಹಗುರ ಫೋಮಿನ ಮೈ, ಒಂದು ಮೀಟರ್ ಉದ್ದದ ರೆಕ್ಕೆ, ಬೆನ್ನ ಮೇಲೊಂದು ಕೊಳವೆ, ಅದರೊಳಗೆ ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನ್. ಜೆಟ್ ಗ್ಲೈಡರ್ ಎಂಬ ಹೆಸರಲ್ಲಿ ಸಿಗುವ ರೇಡಿಯೊ ನಿಯಂತ್ರಿತ ಕಿಟ್ ಇದು. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಓದುಗರು ಇದರ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಲೆಕ್ಕ ಹೇಳುವಾಗೆಲ್ಲ ಒಂದೇ ವಿಮಾನವನ್ನು ಮುಂದಿಟ್ಟುಕೊಂಡಿದ್ದೇವೆ: 64 ಮಿ.ಮೀ. ಫ್ಯಾನ್, 100 ಸೆಂ.ಮೀ. ರೆಕ್ಕೆ, 18 ಚದರ ಡೆಸಿಮೀಟರ್ ರೆಕ್ಕೆಯ ವಿಸ್ತೀರ್ಣ, ಬ್ಯಾಟರಿ ಸೇರಿ 800 ಗ್ರಾಂ ತೂಕ. ನಿಮ್ಮ ಕಿಟ್ ಬೇರೆಯಾಗಿದ್ದರೆ ಅದರ ಅಳತೆ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಿ.

ಪ್ರಶ್ನೆ: ಕಿಟ್ ಡಬ್ಬಿಯಲ್ಲಿ ಫೋಮ್, ಕಡ್ಡಿ, ಸ್ಟಿಕ್ಕರ್ ಬಿಟ್ಟರೆ ಬೇರೇನೂ ಇಲ್ಲ. ಇನ್ನು ಏನೇನು ಕೊಳ್ಳಬೇಕು? ಫ್ಯಾನ್ ಜತೆ 4ಎಸ್ (ನಾಲ್ಕು ಸೆಲ್ಲಿನ) ಬ್ಯಾಟರಿ ಹಾಕಿದರೆ ಜೋರಾಗಿ ಹಾರುತ್ತದೆ ಎನ್ನುತ್ತಾರೆ, ನಿಜವೆ? (ಡಿಪ್ಲೊಮಾ ವಿದ್ಯಾರ್ಥಿ, ಕಲಬುರಗಿ)

ಮೊದಲು ಫ್ಯಾನ್ ಮತ್ತು ಮೋಟಾರ್ ಬಗ್ಗೆ. ಎರಡೂ ಕೂಡಿಸಿದ 64 ಮಿ.ಮೀ. ಘಟಕವನ್ನೇ ಕೊಳ್ಳಿ. ಬಿಡಿ ರೋಟರ್ (ಬ್ಲೇಡುಗಳಿರುವ ಚಕ್ರ), ಬಿಡಿ ಮೋಟಾರ್ ತಂದು ಜೋಡಿಸುವುದು ಎರಡನೇ ವಿಮಾನಕ್ಕಿರಲಿ. ಮೋಟಾರಿನ ಮೇಲೆ ಕೆವಿ ಎಂದು ಬರೆದಿರುತ್ತದಲ್ಲ, ಅದು ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. 3ಎಸ್ ಬ್ಯಾಟರಿಗೆ 4500ರ ಆಸುಪಾಸಿನ ಕೆವಿ, 4ಎಸ್‌ಗೆ 3500ರ ಆಸುಪಾಸಿನದು ಹೊಂದುತ್ತದೆ. 3ಎಸ್‌ಗೆಂದು ಮಾಡಿದ ಮೋಟಾರಿಗೆ 4ಎಸ್ ಹಚ್ಚಿದರೆ ವೋಲ್ಟೇಜ್ ಮೂರನೇ ಒಂದು ಭಾಗ ಏರುತ್ತದೆ, ಆದರೆ ಕರೆಂಟ್ ಅಷ್ಟಕ್ಕೇ ನಿಲ್ಲದೆ ಸರಿಸುಮಾರು ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 35 ಆಂಪಿಯರ್ ಇದ್ದದ್ದು 60 ದಾಟುತ್ತದೆ. ಜೋರೇನೋ ನಿಜ, ಅರ್ಧ ನಿಮಿಷ. ಆಮೇಲೆ ಮೋಟಾರಿನ ತಾಮ್ರದ ಸುರುಳಿಯ ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ. ಆದ್ದರಿಂದ ಮೊದಲು ಬ್ಯಾಟರಿ ಯಾವುದೆಂದು ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕ ಮೋಟಾರ್ ಆರಿಸಿ.

ಉಳಿದಂತೆ: 5 ವೋಲ್ಟ್ ಬಿಇಸಿ (ರಿಸೀವರ್, ಸರ್ವೋಗಳಿಗೆ ವಿದ್ಯುತ್ ಕೊಡುವ ಭಾಗ) ಇರುವ 60 ಆಂಪಿಯರಿನ ಇಎಸ್‌ಸಿ, ಅಂದರೆ ಮೋಟಾರಿನ ವೇಗ ನಿಯಂತ್ರಕ (40ರದ್ದೂ ನಡೆದೀತು, ಆದರೆ ನಮ್ಮ ಬೇಸಿಗೆಗೆ ಅದು ಸಾಲದು), 3ಎಸ್ 2200 ಎಂಎಎಚ್, ಕನಿಷ್ಠ 30ಸಿ (ಎಷ್ಟು ಜೋರಾಗಿ ಕರೆಂಟ್ ಕೊಡಬಲ್ಲದು ಎಂಬ ಅಂಕಿ) ಲೈಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಸುಮಾರು 185 ಗ್ರಾಂ, ರೆಕ್ಕೆ, ಬಾಲದ ಚಲಿಸುವ ಪಟ್ಟಿಗಳನ್ನು ಅಲ್ಲಾಡಿಸುವ 9 ಗ್ರಾಂ ಸರ್ವೋ ಮೂರು ಅಥವಾ ನಾಲ್ಕು, 2.4 ಗಿಗಾಹರ್ಟ್ಸ್‌ನ ಆರು ಚಾನೆಲ್ ರೇಡಿಯೊ ಮತ್ತು ರಿಸೀವರ್, ಎಲ್ಲ ಸೆಲ್ಲುಗಳನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್. ಇಷ್ಟರ ಜತೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದು ಮನೆಯಲ್ಲಿರಲೇಬೇಕು. ಒಂದೊಂದು ಭಾಗವನ್ನೂ ಅಂಟಿಸುವ ಮೊದಲು ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಬರೆಯದವರ ವಿಮಾನ 800ಕ್ಕೆ ನಿಲ್ಲುವುದಿಲ್ಲ, 950 ಆಗಿರುತ್ತದೆ. ಆ 150 ಗ್ರಾಂ ಎಲ್ಲಿಂದ ಬಂತೆಂದು ಕೊನೆಗೂ ತಿಳಿಯುವುದಿಲ್ಲ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ಸೂಪರ್ ಗ್ಲೂ ಹಚ್ಚಿದೆ, ರೆಕ್ಕೆಯ ಫೋಮ್ ಕರಗಿ ಗುಂಡಿ ಬಿತ್ತು. ಫೆವಿಕಾಲ್ ಹಚ್ಚಿದರೆ ಎರಡು ದಿನವಾದರೂ ಒಣಗಲಿಲ್ಲ. ಯಾವ ಅಂಟು ಸರಿ? (ಹುಮನಾಬಾದ್)

ಗುಂಡಿ ಬಿತ್ತೆಂದರೆ ನಿಮ್ಮದು ಪಾಲಿಸ್ಟೈರೀನ್, ಅಂದರೆ ಥರ್ಮೋಕೋಲ್ ಜಾತಿಯ ಫೋಮ್. ಸಾಮಾನ್ಯ ಸೂಪರ್ ಗ್ಲೂ ಇದನ್ನು ತಿನ್ನುತ್ತದೆ. ಚಪ್ಪಲಿ, ರೆಕ್ಸಿನ್‌ಗೆ ಹಚ್ಚುವ ಹಳದಿ ರಬ್ಬರ್ ಅಂಟಂತೂ ಇನ್ನೂ ಬೇಗ ತಿನ್ನುತ್ತದೆ. ಇಪಿಒ, ಇಪಿಪಿ ಎಂಬ ಮೆತ್ತನೆ ಫೋಮುಗಳಿಗೆ ಸೂಪರ್ ಗ್ಲೂ ತೊಂದರೆ ಮಾಡುವುದಿಲ್ಲ. ಯಾವ ಫೋಮ್ ಎಂಬ ಅನುಮಾನ ಇದ್ದರೆ ಕಿಟ್ಟಿನಲ್ಲಿ ಉಳಿಯುವ ತುಂಡಿನ ಮೇಲೆ ಒಂದು ಹನಿ ಬಿಟ್ಟು ಹತ್ತು ನಿಮಿಷ ಕಾದು ನೋಡಿ.

ಎಲ್ಲ ಫೋಮಿಗೂ ಹೊಂದುವುದು ಎಪಾಕ್ಸಿ, ಅಂದರೆ ಎರಡು ಭಾಗ ಕಲಸಿ ಹಚ್ಚುವ ಅಂಟು. ರೆಕ್ಕೆ ಕೂಡುವ ಕಡೆ, ಕಾರ್ಬನ್ ಕಡ್ಡಿ ಕೂರುವ ಕಾಲುವೆ, ಫ್ಯಾನ್ ಕೂರುವ ಮರದ ಪಟ್ಟಿ, ಇವಕ್ಕೆ 30 ನಿಮಿಷದ ಎಪಾಕ್ಸಿ. ಕಂಟ್ರೋಲ್ ಹಾರ್ನ್‌ನಂಥ (ಸರ್ವೋ ಕಡ್ಡಿ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ತುಂಡು) ಚಿಕ್ಕ ಕೆಲಸಕ್ಕೆ 5 ನಿಮಿಷದ್ದು ಸಾಕು. ಏಪ್ರಿಲ್‌ನಲ್ಲಿ ಇಲ್ಲಿ 5 ನಿಮಿಷದ ಎಪಾಕ್ಸಿ ಎರಡೂವರೆ ನಿಮಿಷಕ್ಕೇ ಗಟ್ಟಿಯಾಗುತ್ತದೆ ಎಂದುಕೊಂಡೇ ಕಲಸಿ. ಇಡೀ ವಿಮಾನಕ್ಕೆ 20 ಗ್ರಾಂ ಅಂಟು ಸಾಕು. ಬಿಳಿ ಮರದ ಅಂಟು ನೀರು ಆರಿದರಷ್ಟೇ ಹಿಡಿಯುತ್ತದೆ. ಎರಡು ಫೋಮಿನ ನಡುವೆ ಸಿಕ್ಕಿದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ನಿಮ್ಮದು ಎರಡು ದಿನವಾದರೂ ಒಣಗದಿದ್ದುದು ಅದಕ್ಕೇ.

ಕರಗಿದ ಗುಂಡಿಗೆ ಅದೇ ಫೋಮಿನ ತುಂಡು ಕೆತ್ತಿ ಕೂಡಿಸಿ. ಎಪಾಕ್ಸಿಯಿಂದಲೇ ತುಂಬಿಸಿದರೆ ಆ ರೆಕ್ಕೆ ಭಾರವಾಗಿ ವಿಮಾನ ಸದಾ ಒಂದು ಕಡೆ ವಾಲುತ್ತದೆ.

ಪ್ರಶ್ನೆ: ರೆಕ್ಕೆ ಸೊಟ್ಟ ಆಗದ ಹಾಗೆ ಕೂಡಿಸುವುದು ಹೇಗೆ? (ಚಿತ್ತಾಪುರ)

ನಿಮ್ಮ ಭಾಗದಲ್ಲಿ ಇದಕ್ಕೆ ಕಾಸಿಲ್ಲದೆ ಸಿಗುವ ಸಾಧನ ಇದೆ: ಪಾಲಿಶ್ ಮಾಡಿದ ಶಹಾಬಾದ್ ಫರ್ಸಿ. ಎರಡಡಿ ಅಗಲ, ನಾಲ್ಕಡಿ ಉದ್ದದ ಒಂದು ಹಾಸುಗಲ್ಲನ್ನು ಮೇಜಿನ ಮೇಲಿಟ್ಟು, ಸ್ಪಿರಿಟ್ ಲೆವೆಲ್‌ನಿಂದ ಎರಡೂ ದಿಕ್ಕು ನೋಡಿ, ಕಾಲಡಿ ರಟ್ಟು ತುರುಕಿ ಮಟ್ಟ ಮಾಡಿ. ಮೇಲೆ ಪಾಲಿಥಿನ್ ಹಾಳೆ ಹಾಸಿ, ಇಲ್ಲವಾದರೆ ರೆಕ್ಕೆ ಕಲ್ಲಿಗೇ ಅಂಟಿಕೊಳ್ಳುತ್ತದೆ. ರೆಕ್ಕೆಯ ಕೆಳಮೈ ಕಲ್ಲಿಗೆ ತಾಗುವ ಹಾಗೆ ಇಟ್ಟು, ಕಾರ್ಬನ್ ಕಡ್ಡಿ ಅಂಟಿಸಿ, ಮೇಲೆ ಎರಡು ಮೂರು ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಕಡ್ಡಿ ಅಂಟಿದ ಮೇಲೆ ರೆಕ್ಕೆಯ ತಿರುಚು ತಿದ್ದಲು ಬರುವುದಿಲ್ಲ, ಹಾಗಾಗಿ ಅದಕ್ಕೂ ಮೊದಲೇ ಎರಡೂ ತುದಿಗಳ ಹಿಂಬದಿಯ ಅಂಚು ಕಲ್ಲಿನಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. 2 ಮಿ.ಮೀ. ವ್ಯತ್ಯಾಸ ಕೂಡ ಹಾರುವಾಗ ಗೊತ್ತಾಗುತ್ತದೆ.

ಪ್ರಶ್ನೆ: ಫ್ಯಾನ್ ತಿರುಗುತ್ತದೆ, ಆದರೆ ಊಳಿಡುವ ಸದ್ದು, ಒತ್ತುಬಲವೂ ಕಡಿಮೆ. ಕೊಳವೆಯೊಳಗೆ ಕೂರಲೆಂದು ಮುಂದಿನ ಪ್ಲಾಸ್ಟಿಕ್ ಉಂಗುರ ತೆಗೆದುಬಿಟ್ಟಿದ್ದೇನೆ. ಅದರಿಂದೇನಾದರೂ ಆಗಿದೆಯೆ? (ಬಸವಕಲ್ಯಾಣ)

ಆಗಿದೆ. ಆ ದುಂಡಂಚಿನ ಉಂಗುರ ಅಲಂಕಾರಕ್ಕೆ ಇರುವುದಲ್ಲ. ವಿಮಾನ ನಿಂತಿರುವಾಗ ಫ್ಯಾನ್ ಮುಂದಿನಿಂದ ಅಷ್ಟೇ ಅಲ್ಲ, ಪಕ್ಕದಿಂದಲೂ ಗಾಳಿ ಎಳೆಯುತ್ತದೆ. ದುಂಡಂಚಿದ್ದರೆ ಆ ಗಾಳಿ ಜಾರಿ ಒಳಗೆ ಬರುತ್ತದೆ. ಚೂಪಂಚಿದ್ದರೆ ಅಲ್ಲಿಯೇ ಕಿತ್ತು ಸುಳಿಯಾಗಿ, ಫ್ಯಾನ್ ಬ್ಲೇಡಿನ ತುದಿಗೆ ಬಡಿಯುತ್ತದೆ. ಊಳಿನ ಒಂದು ಪಾಲು ಅದೇ. ಕೊಳವೆಯ ಬಾಯಿಗೇ ಕನಿಷ್ಠ 6–8 ಮಿ.ಮೀ. ದುಂಡು ಸಿಗುವಂತೆ ಫೋಮನ್ನು ಮರಳುಕಾಗದದಿಂದ ಉಜ್ಜಿ. ಫ್ಯಾನ್ ಹೊರಚಿಪ್ಪು ಮತ್ತು ಕೊಳವೆ ಕೂಡುವಲ್ಲಿ ಮೆಟ್ಟಿಲಿನಂತೆ ಏರುಪೇರು ಇರಬಾರದು. ಪಾರದರ್ಶಕ ಟೇಪಿನಿಂದ ಸಂದು ಮುಚ್ಚಿ.

ಹಿಂಬದಿಯ ಬಾಯಿಯ ಅಳತೆಗೂ ಲೆಕ್ಕ ಇದೆ. ಫ್ಯಾನ್ ವ್ಯಾಸ 64, ನಡುವಿನ ಗುಬುಟು 28 ಮಿ.ಮೀ. ಆದರೆ ಗಾಳಿ ಹಾಯುವ ಜಾಗ ಸುಮಾರು 2600 ಚದರ ಮಿ.ಮೀ. ಹಿಂಬಾಯಿ ಇದರ 85ರಿಂದ 90 ಶೇಕಡ ಇರಬೇಕು, ಅಂದರೆ 53–55 ಮಿ.ಮೀ. ವ್ಯಾಸ. ಇದಕ್ಕಿಂತ ಕಿರಿದಾದರೆ ಫ್ಯಾನ್ ಉಸಿರು ಕಟ್ಟುತ್ತದೆ, ಎಸೆಯುವಾಗ ಬೇಕಾದ ಬಲ ಬರುವುದಿಲ್ಲ. ಅಗಲವಾದರೆ ಎಸೆಯುವಾಗ ಚೆನ್ನಾಗಿದ್ದು, ಮೇಲೆ ಹೋದಮೇಲೆ ವೇಗ ಸಿಗುವುದಿಲ್ಲ. ಕೈಯಿಂದ ಎಸೆಯುವ ಗ್ಲೈಡರಿಗೆ 55ರ ಕಡೆಗೇ ಇರಲಿ.

ಊಳಿನ ಇನ್ನೊಂದು ಪಾಲು ರೋಟರ್ ಸಮತೂಕವಿಲ್ಲದ್ದು. ಮುಂದಿನ ಸ್ಕ್ರೂ ಬಿಚ್ಚಿ ರೋಟರ್ ಹೊರತೆಗೆದು, ಒಂದು ಸಪೂರ ಸರಳಿಗೆ ಪೋಣಿಸಿ ನಿಲ್ಲಿಸಿದ ಎರಡು ಶೇವಿಂಗ್ ಬ್ಲೇಡ್‌ಗಳ ಅಂಚಿನ ಮೇಲೆ ಇಡಿ. ಪ್ರತಿ ಸಲವೂ ರೋಟರಿನ ಅದೇ ಬ್ಲೇಡ್ ಕೆಳಗೆ ಬಂದು ನಿಂತರೆ ಅದು ಭಾರ. ಬ್ಲೇಡ್ ಕೆರೆಯಬೇಡಿ. ಎದುರು ಬದಿಯಲ್ಲಿ ಗುಬುಟಿನ ಒಳಗೋಡೆಗೆ ಸಾಸಿವೆಯಷ್ಟು ಎಪಾಕ್ಸಿ ಹಚ್ಚಿ ಮತ್ತೆ ನೋಡಿ. ಮರಳಿ ಕೂರಿಸಿದಾಗ ಬ್ಲೇಡಿನ ತುದಿಗೂ ಚಿಪ್ಪಿಗೂ ಸುತ್ತಲೂ ಒಂದೇ ಸಮ ಸಂದು, ಅರ್ಧ ಮಿ.ಮೀ. ಆಸುಪಾಸು, ಇರಬೇಕು. ಮಾಮೂಲಿ ಬರೆಯುವ ಕಾಗದದ ನಾಲ್ಕು ಮಡಿಕೆ ತೂರಿಸಿ ಸುತ್ತಲೂ ನೋಡಬಹುದು. ಚಿಪ್ಪನ್ನು ಸ್ಕ್ರೂನಿಂದ ಅತಿಯಾಗಿ ಬಿಗಿದರೆ ಅದು ಮೊಟ್ಟೆಯಾಕಾರಕ್ಕೆ ಬಂದು ಬ್ಲೇಡ್ ಉಜ್ಜುತ್ತದೆ.

ಕೊನೆಗೆ, ಗಾಳಿ ಮುಂದಕ್ಕೆ ಬರುತ್ತಿದ್ದರೆ ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿ, ಅಷ್ಟೇ ಸಾಕು. ಬ್ಯಾಟರಿಯ ಕೆಂಪು ಕಪ್ಪು ತಂತಿಯನ್ನು ಮಾತ್ರ ಎಂದೂ ಅದಲು ಬದಲು ಮಾಡಬೇಡಿ, ಇಎಸ್‌ಸಿ ಆ ಕ್ಷಣವೇ ಸುಡುತ್ತದೆ.

ಪ್ರಶ್ನೆ: ಬ್ಯಾಟರಿ ಮೂಗಿನಲ್ಲಿ, ಫ್ಯಾನ್ ಹಿಂದೆ. ತಂತಿ ಸಾಲದು. ಯಾವ ಕಡೆ ಉದ್ದ ಮಾಡಲಿ? (ಸೇಡಂ)

ಮೋಟಾರ್ ಕಡೆಯ ಮೂರು ತಂತಿ ಉದ್ದ ಮಾಡಿ. ಬ್ಯಾಟರಿ ಕಡೆಯದು ಉದ್ದವಾದಷ್ಟೂ ಇಎಸ್‌ಸಿ ಒಳಗಿನ ಕೆಪಾಸಿಟರಿಗೆ ವೋಲ್ಟೇಜ್ ಏರಿಳಿತದ ಏಟು ಬೀಳುತ್ತದೆ, ಅವು ಕಾದು ಉಬ್ಬುತ್ತವೆ. ಆ ಕಡೆ ಉದ್ದ ಮಾಡದೆ ಗತ್ಯಂತರವಿಲ್ಲ ಎಂದರೆ ಪ್ರತಿ 10 ಸೆಂ.ಮೀ.ಗೆ 220 ಮೈಕ್ರೊಫ್ಯಾರಡ್‌ನ, 25 ವೋಲ್ಟಿಗಿಂತ ಕಡಿಮೆಯಿಲ್ಲದ, ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆಯಿರುವ) ಕೆಪಾಸಿಟರ್ ಒಂದನ್ನು ಇಎಸ್‌ಸಿ ಹತ್ತಿರ ಬೆಸೆಯಿರಿ. ಇಎಸ್‌ಸಿಯನ್ನು ಫೋಮಿನೊಳಗೆ ಹೂತಿಡದೆ, ಗಾಳಿ ತಾಗುವ ಕಡೆ ಇರಿಸಿ.

ಪ್ರಶ್ನೆ: ನಮಸ್ಕಾರ್ರಿ. ನಾವು ಮೂರು ಮಂದಿ ಕೂಡಿ ಕಿಟ್ ತಯಾರ ಮಾಡೀವಿ. ಎರಡು ಸಲ ಒಗದ್ವಿ, ಎರಡೂ ಸಲ ಹತ್ತು ಹೆಜ್ಜಿ ಹೋಗಿ ಮೂಗು ಕುಟ್ಟಿ ಬಿತ್ತು. ಫ್ಯಾನ್ ಅಂತೂ ಜೋರೇ ತಿರಗತದ. ಹಿಂಗ್ಯಾಕ್ರಿ? (ಜೇವರ್ಗಿ)

ಜೆಟ್ ಗ್ಲೈಡರ್ ಕೊಂಡವರಲ್ಲಿ ಬಹಳ ಮಂದಿಗೆ ಆಗುವುದು ಇದೇ, ಮತ್ತು ಕಾರಣ ಫ್ಯಾನಿನ ಸ್ವಭಾವದಲ್ಲೇ ಇದೆ. ಸಾಧಾರಣ ಪ್ರೊಪೆಲ್ಲರ್ ದೊಡ್ಡ ಬಳ್ಳದಲ್ಲಿ ಗಾಳಿಯನ್ನು ಮೆಲ್ಲಗೆ ಹಿಂದೆ ತಳ್ಳುತ್ತದೆ, ನಿಧಾನ ವೇಗದಲ್ಲೂ ಚೆನ್ನಾಗಿ ಎಳೆಯುತ್ತದೆ. ಕೊಳವೆಯ ಫ್ಯಾನ್ ಸಣ್ಣ ಲೋಟದಲ್ಲಿ ಗಾಳಿಯನ್ನು ಬಿರುಸಾಗಿ ತಳ್ಳುತ್ತದೆ. ಅದೇ ವಿದ್ಯುತ್ತಿಗೆ ಎಸೆತದ ಹೊತ್ತಿನಲ್ಲಿ ಸಿಗುವ ಬಲ ಕಡಿಮೆ. 3ಎಸ್‌ನಲ್ಲಿ 64 ಮಿ.ಮೀ. ಫ್ಯಾನ್ ಕೊಡುವುದು 600–700 ಗ್ರಾಂ ಬಲ. ನಿಮ್ಮ ವಿಮಾನದ ತೂಕಕ್ಕಿಂತ ಅದು ಕಡಿಮೆ. ಹಾಗಾಗಿ ಎಸೆದ ಮೊದಲ ಎರಡು ಸೆಕೆಂಡು ವಿಮಾನವನ್ನು ಹೊರುವುದು ಫ್ಯಾನಲ್ಲ, ರೆಕ್ಕೆ. ರೆಕ್ಕೆಗೆ ವೇಗ ಬೇಕು.

ಎಷ್ಟು ವೇಗ? ಚಳಿಗಾಲದ ಬೆಳಗಿನ ಗಾಳಿಯಲ್ಲಿ 800 ಗ್ರಾಂ ವಿಮಾನ ಗಂಟೆಗೆ ಸುಮಾರು 31–32 ಕಿ.ಮೀ.ಗಿಂತ ನಿಧಾನವಾದರೆ ರೆಕ್ಕೆ ಹಿಡಿತ ಬಿಡುತ್ತದೆ. 950 ಗ್ರಾಂ ಆದರೆ ಅದೇ ಮಿತಿ 34ಕ್ಕೆ ಏರುತ್ತದೆ. ಒಬ್ಬ ಮನುಷ್ಯ ಓಡದೆ, ವಿಮಾನದ ಮೂಗು ಅಲುಗದಂತೆ ಎಸೆಯಬಲ್ಲದ್ದು 30–35. ಮೇಲಿನ 5–8 ಕಿ.ಮೀ. ಎದುರುಗಾಳಿಯೇ ಕೊಡಬೇಕು. ಗಾಳಿಯೇ ಇಲ್ಲದ ಹೊತ್ತಿನಲ್ಲಿ ಅಥವಾ ಬೆನ್ನಿಗೆ ಗಾಳಿ ಇಟ್ಟುಕೊಂಡು ಎಸೆದರೆ ಹತ್ತು ಹೆಜ್ಜೆಯೇ ಗತಿ.

ಈಗ ಕ್ರಮ. ಮೊದಲ ದಿನ ಫ್ಯಾನ್ ಹಚ್ಚಲೇಬೇಡಿ. ಬ್ಯಾಟರಿ ಜಾಗದಲ್ಲಿ ಕೂತಿರಲಿ, ರೇಡಿಯೊದಲ್ಲಿ ಥ್ರಾಟಲ್ ಕಟ್ ಹಾಕಿ, ಅಂದರೆ ಫ್ಯಾನಿನ ವೇಗ ಏರಿಸುವ ಥ್ರಾಟಲ್ ಕೆಲಸ ಮಾಡದಂತೆ ತಡೆಯಿರಿ. ಹುಲ್ಲು ಇರುವ ಕಡೆ, ಗಾಳಿಗೆ ಮುಖಮಾಡಿ, ಭುಜದ ಎತ್ತರದಿಂದ ಮೂಗು ಮಟ್ಟಸ ಇಟ್ಟು ಎಸೆಯಿರಿ. ಭರ್ಚಿ ಎಸೆದ ಹಾಗೆ ನೇರ ಮುಂದಕ್ಕೆ, ಮೇಲಕ್ಕಲ್ಲ. 15–20 ಮೀಟರ್ ತೇಲಿ ಹೊಟ್ಟೆಯ ಮೇಲೆ ಇಳಿದರೆ ಸರಿ. ಮೂಗೆತ್ತಿ ನಿಂತು ಕುಸಿದರೆ ಬಾಲ ಭಾರ. ನೆಟ್ಟಗೆ ನೆಲಕ್ಕೆ ಹೋದರೆ ಮೂಗು ಭಾರ, ಅಥವಾ ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ) ಕೆಳಗಿದೆ. ಇದು ಸರಿಯಾಗುವ ತನಕ ಫ್ಯಾನ್ ಹಚ್ಚಿ ಪ್ರಯೋಜನವಿಲ್ಲ. ಫ್ಯಾನ್ ಇಲ್ಲದೆ ತೇಲದ ಜೆಟ್ ಗ್ಲೈಡರ್ ಫ್ಯಾನ್ ಇದ್ದರೂ ತೇಲುವುದಿಲ್ಲ.

ಎರಡನೇ ದಿನ ಫ್ಯಾನ್. ಒಬ್ಬರು ಎಸೆಯಿರಿ, ಇನ್ನೊಬ್ಬರು ಎರಡೂ ಹೆಬ್ಬೆರಳನ್ನು ರೇಡಿಯೊ ಮೇಲಿಟ್ಟಿರಲಿ. ಪೂರ್ತಿ ಥ್ರಾಟಲ್ ಕೊಟ್ಟು ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸಿ. ಫ್ಯಾನ್ ಪೂರ್ತಿ ವೇಗಕ್ಕೆ ಬರಲು ಅಷ್ಟು ಹೊತ್ತು ಬೇಕು. ಆಮೇಲೆ ಕ್ಷಿತಿಜಕ್ಕಿಂತ 5–10 ಡಿಗ್ರಿ ಮೇಲೆ ಗುರಿಯಿಟ್ಟು ಎಸೆಯಲಿ. ಮೊದಲ ಮೂರು ಸೆಕೆಂಡು ಎಲಿವೇಟರ್ ಎಳೆಯಬೇಡಿ. ವಿಮಾನ ಒಂದಡಿ ಕೆಳಗಿಳಿದಾಗ ಹೆಬ್ಬೆರಳು ತಾನಾಗಿ ಹಿಂದಕ್ಕೆ ಎಳೆಯಲು ಹೋಗುತ್ತದೆ. ಎಳೆದರೆ ಇದ್ದ ವೇಗವೂ ಹೋಗಿ ಒಂದು ರೆಕ್ಕೆ ಮಗುಚುತ್ತದೆ.

ಇನ್ನೊಂದು ಕಾರಣ: ನಿಮ್ಮ ಫ್ಯಾನ್ ಬೆನ್ನ ಮೇಲಿದೆ. ಮೇಲಿನಿಂದ ತಳ್ಳಿದರೆ ಮೂಗು ಕೆಳಗೆ ಬಾಗುತ್ತದೆ, ತಲೆಯ ಮೇಲೆ ಕೈಯಿಟ್ಟು ಮುಂದಕ್ಕೆ ನೂಕಿದ ಹಾಗೆ. ರೇಡಿಯೊದಲ್ಲಿ ಥ್ರಾಟಲ್‌ನಿಂದ ಎಲಿವೇಟರಿಗೆ ಮಿಕ್ಸ್ ಹಾಕಿ, ಪೂರ್ತಿ ಥ್ರಾಟಲ್‌ಗೆ ಎಲಿವೇಟರ್ 2–3 ಮಿ.ಮೀ. ಮೇಲೇಳುವಂತೆ ಮಾಡಿ. ಏಲೆರಾನ್ (ರೆಕ್ಕೆಯ ಹಿಂದಂಚಿನ ಚಲಿಸುವ ಪಟ್ಟಿ) ಅತ್ತಿತ್ತ 10–12 ಮಿ.ಮೀ., ಎಲಿವೇಟರ್ 8–10 ಮಿ.ಮೀ., ಎರಡಕ್ಕೂ 30 ಶೇಕಡ ಎಕ್ಸ್‌ಪೋ (ರೇಡಿಯೊದ ಕಡ್ಡಿ ನಡುವೆ ಇರುವಾಗ ಪ್ರತಿಕ್ರಿಯೆಯನ್ನು ಮೆತ್ತಗೆ ಮಾಡುವ ಹೊಂದಿಕೆ). ಇಷ್ಟು ಸಾಕು.

ಕೈ ಸೋತರೆ ಬಂಜೀ, ಅಂದರೆ ರಬ್ಬರಿನ ಎಳೆತದಿಂದ ಹಾರಿಸುವ ಹುರಿ, ಹಚ್ಚಿ: 8–10 ಮೀಟರ್ ಲೇಟೆಕ್ಸ್ ರಬ್ಬರ್ ಕೊಳವೆ, ಅದಕ್ಕೆ 20 ಮೀಟರ್ ನೈಲಾನ್ ಹುರಿ, ತುದಿಗೆ ಉಂಗುರ. ಹೊಟ್ಟೆಯ ಕೆಳಗಿನ ಕೊಕ್ಕೆ ಸಿ.ಜಿ.ಗಿಂತ (ಗುರುತ್ವ ಕೇಂದ್ರ, ವಿಮಾನ ಸಮತೂಕದಲ್ಲಿ ನಿಲ್ಲುವ ಬಿಂದು) 4–5 ಸೆಂ.ಮೀ. ಮುಂದಿರಲಿ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ಎಳೆತ ಎರಡೂವರೆಯಿಂದ ಮೂರು ಕಿಲೋ ತೋರಿಸುವ ತನಕ ಹಿಂದೆ ಸರಿದು ಬಿಡಿ. ಉಂಗುರ ಕಳಚಿ ಬಿದ್ದ ಮೇಲೆ ಥ್ರಾಟಲ್. ಗೂಟದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಸಿ ಎರೆಮಣ್ಣಿನಲ್ಲಿ ಸಣ್ಣ ಗೂಟ ಕಿತ್ತು ಬಾಣದಂತೆ ಎಸೆಯುವವರತ್ತ ಹಾರಿಬರುತ್ತದೆ. ಹಾರೆಯನ್ನೇ ಎರಡಡಿ ಆಳಕ್ಕೆ, ಎಳೆತದ ವಿರುದ್ಧ ದಿಕ್ಕಿಗೆ ವಾಲಿಸಿ ನೆಡಿ.

ಎಸೆಯುವವರು ತುಂಬುತೋಳಿನ ಅಂಗಿ, ಕೊರಳಿನ ಟವೆಲ್, ಶಾಲು ಹಾಕಿಕೊಂಡಿರಬಾರದು. ಫ್ಯಾನ್ ಬಟ್ಟೆ ಎಳೆದುಕೊಳ್ಳುತ್ತದೆ, ಬೆರಳನ್ನೂ ಬಿಡುವುದಿಲ್ಲ.

ಪ್ರಶ್ನೆ: ಸಿ.ಜಿ. ಎಲ್ಲಿರಬೇಕು ಎಂದು ಕಿಟ್‌ನಲ್ಲಿ ಬರೆದಿಲ್ಲ. ರೆಕ್ಕೆ ಹಿಂದಕ್ಕೆ ಬಾಗಿದ ಆಕಾರದ್ದು. (ಕಲಬುರಗಿ, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು)

ತಾವು ಮಕ್ಕಳಿಗೆ ಹಲಗೆಯ ಮೇಲೆ ಮಾಡಿ ತೋರಿಸಬಹುದಾದ ಲೆಕ್ಕ ಇದು. ರೆಕ್ಕೆಯ ಬುಡದ ಅಗಲ 22 ಸೆಂ.ಮೀ., ತುದಿಯ ಅಗಲ 14 ಸೆಂ.ಮೀ. ಎಂದುಕೊಳ್ಳಿ. ಎರಡರ ಮೊತ್ತ 36, ಗುಣಲಬ್ಧ 308. ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿದರೆ 8.56. ಮೊತ್ತದಿಂದ ಅದನ್ನು ಕಳೆದು ಮೂರನೇ ಎರಡು ಭಾಗ ತೆಗೆದರೆ 18.3 ಸೆಂ.ಮೀ. ಇದು ಸರಾಸರಿ ಅಗಲ. ಅದು ನಡುಗೆರೆಯಿಂದ ಎಷ್ಟು ದೂರದಲ್ಲಿ ಬೀಳುತ್ತದೆ? ಇಡೀ ರೆಕ್ಕೆಯ 100 ಸೆಂ.ಮೀ.ಯನ್ನು 6ರಿಂದ ಭಾಗಿಸಿ, ಬುಡದ ಅಗಲಕ್ಕೆ ತುದಿಯ ಎರಡರಷ್ಟು ಕೂಡಿಸಿದ 50ರಿಂದ ಗುಣಿಸಿ, 36ರಿಂದ ಭಾಗಿಸಿ: 23.1 ಸೆಂ.ಮೀ. ತುದಿಯ ಮುಂದಂಚು ಬುಡದ ಮುಂದಂಚಿಗಿಂತ 10 ಸೆಂ.ಮೀ. ಹಿಂದಿದ್ದರೆ, 23.1 ಸೆಂ.ಮೀ. ದೂರದಲ್ಲಿ ಅದು 4.6 ಸೆಂ.ಮೀ. ಹಿಂದಿರುತ್ತದೆ. ಸರಾಸರಿ ಅಗಲದ 28 ಶೇಕಡ 5.1 ಸೆಂ.ಮೀ. ಎರಡೂ ಕೂಡಿ 9.7. ಅಂದರೆ ರೆಕ್ಕೆಯ ಬುಡದ ಮುಂದಂಚಿನಿಂದ 9.7 ಸೆಂ.ಮೀ. ಹಿಂದೆ, ಎರಡೂ ಬದಿ ಪೆನ್ನಿನಿಂದ ಗುರುತು ಹಾಕಿ, ಎರಡು ಬೆರಳ ಮೇಲೆ ಎತ್ತಿ ನೋಡಿ.

ಸಮತೂಕ ಬರದಿದ್ದರೆ ಮೊದಲು ಬ್ಯಾಟರಿ ಸರಿಸಿ. ಸೀಸ ತುಂಬುವುದು ಕಡೆಯ ದಾರಿ. ಬಾಲದಲ್ಲಿ ಹೆಚ್ಚಾದ 10 ಗ್ರಾಂ ಅಂಟಿಗೆ ಮೂಗಿನಲ್ಲಿ 20–30 ಗ್ರಾಂ ದಂಡ ತೆರಬೇಕಾಗುತ್ತದೆ.

ಹಾರಿಸಲು ಕಲಿತ ಮೇಲೆ ಮೇಲಿಂದ ಒಂದು ಪರೀಕ್ಷೆ ಮಾಡಿ. ಥ್ರಾಟಲ್ ತೆಗೆದು, 45 ಡಿಗ್ರಿ ಕೆಳಮುಖ ಮಾಡಿ ರೇಡಿಯೊದ ಕಡ್ಡಿ ಬಿಟ್ಟುಬಿಡಿ. ಮೆಲ್ಲಗೆ ತಾನೇ ಮಟ್ಟಕ್ಕೆ ಬಂದರೆ ಸರಿ. ಸರ್ರನೆ ಮೇಲೆದ್ದರೆ ಮೂಗು ಭಾರ. ಇನ್ನಷ್ಟು ಕೆಳಗೆ ಮಡಚಿಕೊಂಡರೆ ಬಾಲ ಭಾರ, ಬೇಗ ಎತ್ತಿ ಇಳಿಸಿ.

ಪ್ರಶ್ನೆ: ಒಂದು ಚಾರ್ಜಿಗೆ ಎಷ್ಟು ಹೊತ್ತು? (ಸುರಪುರ)

ಪೂರ್ತಿ ಥ್ರಾಟಲ್‌ನಲ್ಲೇ ಇಟ್ಟರೆ ಮೂರು ನಿಮಿಷ. 2200ರಲ್ಲಿ 80 ಶೇಕಡ, 1760 ಎಂಎಎಚ್ ಮಾತ್ರ ಬಳಸಬೇಕು, ಅದನ್ನು 35 ಆಂಪಿಯರ್ ಅಷ್ಟರಲ್ಲೇ ಮುಗಿಸುತ್ತದೆ. ಆದರೆ ಇದು ಗ್ಲೈಡರ್. 20 ಸೆಕೆಂಡು ಫ್ಯಾನ್ ಹಚ್ಚಿ ಮೇಲೆ ಹೋಗಿ, ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಫ್ಯಾನ್ ಇಲ್ಲದೆ ಇಳಿಯುತ್ತಾ ಬಂದರೆ ಹಾಗೆ ಎಂಟು ಒಂಬತ್ತು ಸಲ ಏರಬಹುದು, ಒಟ್ಟು ಹತ್ತು ನಿಮಿಷದ ಆಚೀಚೆ. ರೇಡಿಯೊ ಟೈಮರ್ ಅನ್ನು ಥ್ರಾಟಲ್‌ಗೆ ಜೋಡಿಸಿ 2 ನಿಮಿಷ 40 ಸೆಕೆಂಡಿಗೆ ಇಡಿ. ಇಳಿಸಿ ಹತ್ತು ನಿಮಿಷದ ಮೇಲೆ ಒಂದೊಂದು ಸೆಲ್ 3.7 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಮುಂದಿನ ಸಲ ಬೇಗ ಇಳಿಸಿ.

ಚಳಿಗಾಲದ ಬೆಳೆ ಕಟಾವಾದ ಮೇಲೆ ಬರಿದಾದ ಎರೆಹೊಲ ಬಿಸಿಲಿಗೆ ಬೇಗ ಕಾದು ಬಿಸಿಗಾಳಿಯನ್ನು ಮೇಲಕ್ಕೆ ಕಳಿಸುತ್ತದೆ. ರೆಕ್ಕೆ ಬಡಿಯದೆ ಒಂದೇ ಕಡೆ ಸುತ್ತುವ ಹದ್ದು ಕಂಡರೆ ಅಲ್ಲಿ ಏರುಗಾಳಿ ಇದೆ. ಅಲ್ಲಿಗೆ ಹೋಗಿ ಅಗಲವಾಗಿ ಸುತ್ತಿ, ಆದರೆ ಹದ್ದಿಗಿಂತ ದೂರದಲ್ಲಿ.

ಪ್ರಶ್ನೆ: ಮೇ ತಿಂಗಳಲ್ಲಿ ಬ್ಯಾಟರಿ ಉಬ್ಬಿತು. ಕಾರಿನಲ್ಲಿ ಇಟ್ಟ ವಿಮಾನದ ರೆಕ್ಕೆಯೂ ಬಾಗಿತು. (ಯಾದಗಿರಿ)

ಹೊರಗೆ 42 ಡಿಗ್ರಿ ಇದ್ದಾಗ ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಂತ ಕಾರಿನ ಒಳಗೆ ಗಾಜಿನ ಹತ್ತಿರ 70 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಫೋಮ್ ಮೆತ್ತಗಾಗಲು ಅಷ್ಟು ಸಾಕು. ಲೈಪೋ ಹಾಳಾಗಲು ಅದಕ್ಕಿಂತ ಕಡಿಮೆಯೇ ಸಾಕು. ರೆಕ್ಕೆಯನ್ನು ಬಿಸಿನೀರಿನ ಹಬೆಗೆ ಹಿಡಿದು, ಎದುರು ದಿಕ್ಕಿಗೆ ತುಸು ಹೆಚ್ಚೇ ಬಗ್ಗಿಸಿ ತಣ್ಣಗಾಗುವ ತನಕ ಹಿಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಬ್ಯಾಟರಿ ಸರಿಹೋಗುವುದಿಲ್ಲ. ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಬೇಡಿ. ಅಂಗಳದಲ್ಲಿ ಮರಳಿನ ಬಕೆಟ್‌ನಲ್ಲಿಟ್ಟು 12 ವೋಲ್ಟ್, 21 ವಾಟಿನ ಗಾಡಿ ಬಲ್ಬ್ ಹಚ್ಚಿ ಪೂರ್ತಿ ಆರುವ ತನಕ ಬಿಟ್ಟು, ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಹೊಸದನ್ನು ಹೀಗೆ ನೋಡಿಕೊಳ್ಳಿ. ಹಾರಿಸುವ ದಿನದ ಬೆಳಿಗ್ಗೆಯೇ ಚಾರ್ಜ್, 2.2 ಆಂಪಿಯರಿನಲ್ಲಿ, ಬ್ಯಾಲೆನ್ಸ್ ತಂತಿ ಹಚ್ಚಿ, ಫರ್ಸಿ ಅಥವಾ ಸಿಮೆಂಟ್ ನೆಲದ ಮೇಲೆ, ನೀವು ಎದುರಿಗಿದ್ದಾಗ. ಹಾರಿಸಿದ ಕೂಡಲೇ ಚಾರ್ಜಿಗೆ ಹಾಕಬೇಡಿ, ಮುಟ್ಟಿದರೆ ತಣ್ಣಗಿರಬೇಕು. ಎರಡು ದಿನಕ್ಕಿಂತ ಹೆಚ್ಚು ಇಡುವುದಾದರೆ ಸೆಲ್‌ಗೆ 3.8 ವೋಲ್ಟಿಗೆ ಇಳಿಸಿಡಿ. ಪೂರ್ತಿ ತುಂಬಿದ ಲೈಪೋ ಬೇಸಿಗೆಯ ಕೋಣೆಯಲ್ಲಿ ವಾರಗಟ್ಟಲೆ ಕೂತರೆ ಉಬ್ಬುತ್ತದೆ, ಹಾರಿಸಿರಬೇಕೆಂದೇನೂ ಇಲ್ಲ.

ಬಿಸಿಲು ವಿಮಾನದ ಬಲವನ್ನೂ ತಿನ್ನುತ್ತದೆ. ಸಮುದ್ರಮಟ್ಟದ 15 ಡಿಗ್ರಿ ಗಾಳಿಗೆ ಹೋಲಿಸಿದರೆ, ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ 40 ಡಿಗ್ರಿಯ ಗಾಳಿ 13 ಶೇಕಡ ತೆಳು. ಫ್ಯಾನಿಗೂ ರೆಕ್ಕೆಗೂ ಅಷ್ಟೇ ನಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಏಳರೊಳಗೆ ಹಾರಿಸಿ ಮುಗಿಸಿ.

ಪ್ರಶ್ನೆ: ಸೂರ್ಯಕಿರಣ ವಿಮಾನಗಳನ್ನು ನೋಡಿಯೇ ಈ ಹುಚ್ಚು ಹಿಡಿದದ್ದು. ಬೀದರ ಊರಲ್ಲೇ ಹಾರಿಸಬಹುದೆ? ಪರವಾನಗಿ ಬೇಕೆ? (ಬೀದರ)

ಬೀದರ ಊರಲ್ಲಿ ಬೇಡ. ಅದು ವಾಯುಪಡೆಯ ತರಬೇತಿ ನೆಲೆ, ಹಾಕ್ ಜೆಟ್‌ಗಳು ತಗ್ಗಿನಲ್ಲಿ, ವೇಗವಾಗಿ ಬರುತ್ತವೆ. 2020ರ ಫೆಬ್ರವರಿಯಿಂದ ನಾಗರಿಕ ವಿಮಾನ ನಿಲ್ದಾಣವೂ ಅಲ್ಲಿದೆ. ಕಲಬುರಗಿಯವರೂ 2019ರ ನವೆಂಬರಿನಲ್ಲಿ ಶುರುವಾದ ತಮ್ಮ ವಿಮಾನ ನಿಲ್ದಾಣ ನೆನಪಿಟ್ಟು, ಸೇಡಂ ರಸ್ತೆಯ ಕಡೆ ಬಿಟ್ಟು ಜಾಗ ಹುಡುಕಿ.

ನಿಯಮ ಹೀಗಿದೆ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. 250 ಗ್ರಾಂನಿಂದ 2 ಕಿಲೋವರೆಗಿನದು ಮೈಕ್ರೊ ವರ್ಗ, ನಿಮ್ಮದು ಅದರಲ್ಲಿ ಬರುತ್ತದೆ. ದುಡಿಮೆಗಲ್ಲದೆ ಹವ್ಯಾಸಕ್ಕೆ ಹಾರಿಸಿದರೆ ಈ ವರ್ಗಕ್ಕೆ ಪೈಲಟ್ ಲೈಸೆನ್ಸ್ ಬೇಡ. ಆದರೆ ಕಣ್ಣಳತೆಯಲ್ಲೇ ಹಾರಿಸಬೇಕು. ಅನುಮತಿ ಕೇಳಬೇಕಿಲ್ಲದ ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಮಿತಿ. ವಿಮಾನ ನಿಲ್ದಾಣದ ಗಡಿಯಿಂದ 8–12 ಕಿ.ಮೀ. ಅಂತರದಲ್ಲಿ ಅದು 200 ಅಡಿ. ಇನ್ನೂ ಹತ್ತಿರ ಅನುಮತಿಯಿಲ್ಲದೆ ಹಾರಿಸಲಾಗದು. ಕೆಂಪು ವಲಯದಲ್ಲಂತೂ ಕೇಂದ್ರ ಸರಕಾರದ ಒಪ್ಪಿಗೆ ಬೇಕು. ಸರಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಹೊಲದ ಬಣ್ಣ ನೋಡಿಯೇ ಹೊರಡಿ. ಭಾಲ್ಕಿಯ ಕಡೆ ನೆಂಟರ ಹೊಲ ಇದ್ದರೆ ಅಲ್ಲಿಗೆ ಹೋಗುವುದು ಮೇಲು.

ಪ್ರಶ್ನೆ: ಮಲಗಿದ ಬುದ್ಧನ ಬೆಟ್ಟದ ಹತ್ತಿರ ಗಾಳಿ ಚೆನ್ನಾಗಿರುತ್ತದೆ. ಅಲ್ಲಿ ಹಾರಿಸಬಹುದೆ? (ಶಹಾಪುರ)

ಗಾಳಿ ಬಂದು ಬಡಿಯುವ ಬದಿಯಲ್ಲಿ ಏರುಗಾಳಿ ಸಿಗುತ್ತದೆ. ಬೆಟ್ಟದ ಹಿಂಬದಿಯಲ್ಲಿ ಗಾಳಿ ಸುಳಿಯಾಗಿ ಕೆಳಗೆ ತಳ್ಳುತ್ತದೆ, ಅಲ್ಲಿ ಸಿಕ್ಕ 800 ಗ್ರಾಂ ವಿಮಾನವನ್ನು 64 ಮಿ.ಮೀ. ಫ್ಯಾನ್ ಹೊರಗೆ ತರಲಾರದು. ಬಂಡೆಗಳ ಮೇಲೆ ಇಳಿಸಲು ಜಾಗವೂ ಇಲ್ಲ. ಇಪ್ಪತ್ತು ಮೂವತ್ತು ಸಲ ಬಯಲಲ್ಲಿ ಇಳಿಸಿದ ಮೇಲೆ ಯೋಚಿಸಿ.

ಪ್ರಶ್ನೆ: ತೊಗರಿ ಕೊಯ್ದ ಹೊಲದಲ್ಲಿ ಇಳಿಸಬಹುದೆ? ಚಕ್ರ ಇಲ್ಲವಲ್ಲ. (ಆಳಂದ)

ಬೇಡ. ಕೊಯ್ದು ಉಳಿದ ತೊಗರಿ ಕೂಳೆ ಭರ್ಚಿ ಇದ್ದ ಹಾಗೆ, ಫೋಮಿನ ಹೊಟ್ಟೆ ಸೀಳುತ್ತದೆ. ಕಡಲೆ ಕಿತ್ತ ಹೊಲ, ಹುಲ್ಲಿನ ಬಯಲು, ಬೀಳು ಬಿಟ್ಟ ಜಮೀನು ಒಳ್ಳೆಯದು. ಹೊಟ್ಟೆಗೆ ಮೂಗಿನಿಂದ ರೆಕ್ಕೆಯ ತನಕ ನಾರು ಸೇರಿದ ಪ್ಯಾಕಿಂಗ್ ಟೇಪ್ ಎರಡು ಪದರ ಹಚ್ಚಿ, 5–6 ಗ್ರಾಂ ಹೆಚ್ಚಾಗುತ್ತದೆ, ಆಗಲಿ. ನೆಲ ಮುಟ್ಟುವ ಮೂರು ಸೆಕೆಂಡು ಮೊದಲು ಥ್ರಾಟಲ್ ಪೂರ್ತಿ ತೆಗೆಯಿರಿ. ತಿರುಗುವ ಫ್ಯಾನ್ ಧೂಳು, ಹೊಟ್ಟು ಎಲ್ಲ ಒಳಗೆಳೆಯುತ್ತದೆ.

ಪಂಪ್‌ಸೆಟ್ಟಿನ ವಿದ್ಯುತ್ ತಂತಿಯಿಂದ ನೂರು ಮೀಟರ್ ದೂರ ಇರಿ. ವಿಮಾನ ತಂತಿಗೆ ಸಿಕ್ಕರೆ ಬಿದಿರು ಗಳ ಎತ್ತಬೇಡಿ, ಜೆಸ್ಕಾಂ ಲೈನ್‌ಮನ್‌ಗೆ ಫೋನ್ ಮಾಡಿ.

ಪ್ರತಿ ಇಳಿಕೆಯ ಮೇಲೂ ಬ್ಯಾಟರಿ ಬಿಚ್ಚಿ, ಒಂದೊಂದು ಬ್ಲೇಡಿನ ಮುಂದಂಚಿಗೆ ಉಗುರು ಜಾರಿಸಿ ನೋಡಿ. ನುಣುಪಾಗಿ ಜಾರಿದರೆ ಮತ್ತೆ ಎಸೆಯಿರಿ. ಉಗುರು ಎಲ್ಲಿ ತಡೆಯಿತೋ ಅಲ್ಲಿ ಕಲ್ಲು ಕಚ್ಚಿದೆ. ಆ ಕಚ್ಚಿನಿಂದಲೇ ಬಿರುಕು ಶುರುವಾಗಿ, ನಿಮಿಷಕ್ಕೆ ನಲವತ್ತು ಸಾವಿರ ಸುತ್ತಿನಲ್ಲಿ ಬ್ಲೇಡ್ ಸಿಡಿದರೆ ಕೊಳವೆ, ಬಾಲ ಎರಡೂ ಹೋಗುತ್ತವೆ. ಅಂಥ ರೋಟರ್ ತೆಗೆದಿಟ್ಟು ಹೊಸದು ಹಾಕಿ, ಹಾಕುವ ಮುನ್ನ ಸಮತೂಕ ನೋಡಿ.